ಅಜ್ಞಾತ ಆಟಗಾರರು ಮತ್ತು ದೊಂಬರ ಹುಡುಗಿ

ಈ ಸಂಚಿಕೆಗೆ ವಿಡಿಯೋ ಗೇಮುಗಳ ಬಗ್ಗೆ ಬರೆಯುತ್ತೇನೆ ಅಂದಾಗ ಸಂಪಾದಕ ಗೆಳೆಯರು ತುಸು ಹೊತ್ತು ಸುಮ್ಮನಿದ್ದು, 'ಅದರಾಗ ವಿಮರ್ಶೆ ಮಾಡೂದು ಏನೈತ್ರಿ?' ಎಂದು ಕೇಳಿದರು. ಪ್ರಶ್ನೆ ಹೊಸದಲ್ಲ. ನಮ್ಮ ಬೈಲಹೊಂಗಲದಲ್ಲೇ ನಡೆದ ಘಟನೆಯಿಂದ ಹುಟ್ಟಿತೆಂದು ಹೇಳುವ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ಹುಡುಗರು ನೋಡಬಾರದು, ನೋಡಿದರೆ ಕೆಡುತ್ತಾರೆ ಅನ್ನುವ ಹಿರಿಯರನ್ನು ನಾನೂ ಕಂಡಿದ್ದೇನೆ. ಈಗ ಅದು ಪಠ್ಯ, ಅದರ ಮೇಲೆ ನಾವೇ ಪ್ರಶ್ನೆಪತ್ರಿಕೆ ತೆಗೆಯುತ್ತೇವೆ. ನಮ್ಮ ಭಾಷೆಯಲ್ಲಿ ಸಣ್ಣಾಟ, ದೊಡ್ಡಾಟ, ಬಯಲಾಟ ಎಲ್ಲವೂ ಆಟಗಳೇ. ಆಟವನ್ನು ಕತೆಯಿಂದ ಬೇರೆ ಮಾಡಿ ನೋಡುವ ರೂಢಿ ನಮಗೆ ನಂತರ ಬಂದದ್ದು.

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮೊಬೈಲ್ ಆಟದ ಮಾತು ಬಂದರೆ 2019ರ ಕಾಕತಿಯ ಸುದ್ದಿ ಬಂದೇ ಬರುತ್ತದೆ. ಬೆಳಗಾವಿ ಪಕ್ಕದ ಆ ಊರಿನಲ್ಲಿ ಆ ವರ್ಷ ಸೆಪ್ಟೆಂಬರಿನಲ್ಲಿ ಮಗನೊಬ್ಬ ತಂದೆಯನ್ನು ಕೊಂದ. ಪಬ್ಜಿ ಗೀಳೇ ಕಾರಣವೆಂದು ದೇಶದ ತುಂಬ ಸುದ್ದಿಯಾಯಿತು. ಆ ಕ್ರೌರ್ಯವನ್ನು ನಾನು ಹಗುರ ಮಾಡುತ್ತಿಲ್ಲ. ಹಣ ಕಟ್ಟಿ ಆಡುವ ರಮ್ಮಿಯಂಥ ಆಟಗಳಿಂದ ಮನೆ ಕಳೆದುಕೊಂಡವರೂ ಇದ್ದಾರೆ. ಅವುಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿತು. ಅದು ಬೇರೆ ಮಾತು. ಆದರೆ ಇಂಥ ಸುದ್ದಿಗಳನ್ನು ಹಿಡಿದುಕೊಂಡು ಆಡುವ ಹುಡುಗರನ್ನೆಲ್ಲ ರೋಗಿಗಳೆಂದು ನೋಡುವ ಕಣ್ಣಿಗೆ, ಅವರು ಯಾಕೆ ಆಡುತ್ತಾರೆಂಬುದು ಎಂದೂ ಕಾಣುವುದಿಲ್ಲ.

'ನಮ್ಮ ಕಾಲದಾಗ ಚಿಣ್ಣಿದಾಂಡು, ಬಗರಿ, ಕಬಡ್ಡಿ... ಎಲ್ಲಾರೂ ಕೂಡಿ ಆಡತಿದ್ವಿ' ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಆಗಾಗ ನಿಟ್ಟುಸಿರು ಬಿಡುತ್ತಾರೆ. ಆ 'ಎಲ್ಲಾರೂ' ಯಾರೆಂದು ಕೇಳಬೇಕೆನಿಸುತ್ತದೆ. ನಾನು ಐದನೇ ಇಯತ್ತೆಯಲ್ಲಿದ್ದಾಗ ಶಾಲೆ ಮುಂದಿನ ಬಯಲಿನಲ್ಲಿ ಕಬಡ್ಡಿ. ಒಂದು ಕಡೆ ಊರಿನ ಹುಡುಗರು, ಒಂದು ಕಡೆ ನಮ್ಮ ಕೇರಿಯವರು. ನಾನು ಉಸಿರು ಹಿಡಿದು ಗೆರೆ ದಾಟಿ ಹೋದೆ. ಯಾರೂ ನನ್ನನ್ನು ಹಿಡಿಯಲಿಲ್ಲ. ಹಿಂದೆ ಹಿಂದೆ ಸರಿದು ಕೊನೆಗೆ ಎಲ್ಲರೂ ಅಂಕಣದ ಹೊರಗೆ ಹೋಗಿ ನಿಂತರು. ನಾನೊಬ್ಬನೇ ಇಡೀ ತಂಡವನ್ನು ಔಟ್ ಮಾಡಿದೆ ಅಂತ ಕುಣಿಯುತ್ತ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಮಾತಾಡದೆ ರೊಟ್ಟಿ ಬಡಿಯುತ್ತಲೇ ಇದ್ದಳು. ಆ ಗೆಲುವು ಎಂಥದ್ದೆಂದು ನನಗೆ ತಿಳಿದದ್ದು ಹೈಸ್ಕೂಲಿಗೆ ಬಂದ ಮೇಲೆ.

ಹಾಗಾಗಿ ಹಳೆಯ ಆಟಗಳ ಹಂಬಲದ ಮಾತು ನನ್ನೊಳಗೆ ಇಳಿಯುವುದಿಲ್ಲ. ಪಬ್ಜಿ ಎಂಬ ಹೆಸರಿನೊಳಗೆ 'ಪ್ಲೇಯರ್ ಅನ್‌ನೋನ್' ಎಂಬ ಮಾತು ಅಡಗಿದೆಯೆಂದು ತಿಳಿದಾಗ, ನಮ್ಮ ಹುಡುಗರ ಮೋಹ ಅರ್ಧ ಅರ್ಥವಾದಂತಾಯಿತು. ಅದು ಆ ಆಟ ಕಟ್ಟಿದ ಬ್ರೆಂಡನ್ ಗ್ರೀನ್ ಎಂಬಾತ ತಾನು ಆಡುವಾಗ ಇಟ್ಟುಕೊಂಡಿದ್ದ ಹೆಸರು. ಅಜ್ಞಾತ ಆಟಗಾರ. ನೂರು ಮಂದಿ ಒಂದೇ ವಿಮಾನದಿಂದ ದ್ವೀಪವೊಂದಕ್ಕೆ ಜಿಗಿಯುತ್ತಾರೆ, ಎಲ್ಲರದೂ ಬರಿಗೈ. ಬಂದೂಕು, ಔಷಧಿ, ಎದೆಗವಚ ಎಲ್ಲವನ್ನೂ ಕೆಳಗಿಳಿದು ಹುಡುಕಿಕೊಳ್ಳಬೇಕು. ಅಪ್ಪನ ಹೊಲ ಇಲ್ಲ, ಅಜ್ಜನ ವಾಡೆ ಇಲ್ಲ, ಹೆಸರಿನ ಮುಂದೆ ಗೌಡಕಿ ಇಲ್ಲ. ಹಾಸ್ಟೆಲಿನ ಪಡಸಾಲೆಯಲ್ಲಿ ಕೂತು ಆಡುವ ಒಬ್ಬ ಹುಡುಗ ನನಗೆ ಹೇಳಿದ: 'ಇಲ್ಲಿ ಯಾರೂ ನೀ ಯಾರ ಪೈಕಿ ಅಂತ ಕೇಳೂದಿಲ್ರಿ ಸರ್.' ಈ ಒಂದು ಮಾತಿಗಾಗಿ ನಾನು ಆ ಆಟವನ್ನು ಗೌರವದಿಂದ ನೋಡುತ್ತೇನೆ. ಸಮಾನತೆ ನಮ್ಮ ಪ್ರಣಾಳಿಕೆಗಳಲ್ಲಿ ಎಷ್ಟೋ ವರ್ಷಗಳಿಂದ ಇದೆ. ಈ ಹುಡುಗ ಅದನ್ನು ಮೈಮೇಲೆ ಅನುಭವಿಸಿದ್ದು ಅರ್ಧ ತಾಸಿನ ಒಂದು ಆಟದಲ್ಲಿ.

ಸರ್ಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿದ 118 ಆ್ಯಪುಗಳಲ್ಲಿ ಪಬ್ಜಿಯೂ ಸೇರಿತ್ತು. 2021ರಲ್ಲಿ ಅದು 'ಇಂಡಿಯಾ' ಎಂಬ ಹೆಸರು ಸೇರಿಸಿಕೊಂಡು ಬಿಜಿಎಂಐ ಆಗಿ ಮರಳಿ ಬಂತು. 2022ರಲ್ಲಿ ಮತ್ತೆ ಮರೆಯಾಗಿ 2023ರಲ್ಲಿ ಮತ್ತೆ ಬಂತು. ಭಾರತದ ಅವತಾರದಲ್ಲಿ ಗುಂಡು ತಗುಲಿದರೆ ಹಸಿರು ರಕ್ತ ಚಿಮ್ಮುತ್ತದೆ. ಎಲ್ಲರ ರಕ್ತವೂ ಕೆಂಪು ಎಂದು ಭಾಷಣ ಮಾಡಿ ಮಾಡಿ ಸಾಕಾದ ನಮಗೆ, ಎಲ್ಲರ ರಕ್ತವೂ ಹಸಿರು ಎಂಬ ಸಮತೆ ದಕ್ಕಿದ್ದು ಹೀಗೆ! ಇನ್ನೊಂದು ತಮಾಷೆ: ಈ ಆಟದಲ್ಲಿ ಗೆದ್ದವರಿಗೆ 'ಕೋಳಿ ಊಟ' ಸಿಕ್ಕಿತೆಂದು ತೆರೆಯ ಮೇಲೆ ಬರುತ್ತದೆ. ಮೊಟ್ಟೆಯ ಹೆಸರೆತ್ತಿದರೆ ಮೂಗು ಮುರಿಯುವ ಮನೆಗಳ ಮಕ್ಕಳೂ ಆ ಊಟಕ್ಕೆ ಜೀವ ಬಿಡುತ್ತಾರೆ.

ಆದರೆ ಅಜ್ಞಾತವಾಸ ಬಹಳ ಹೊತ್ತು ನಡೆಯುವುದಿಲ್ಲ. ಮೊದಲು ಫೋನು ಗುರುತು ಹೇಳುತ್ತದೆ. ಅಗ್ಗದ ಫೋನು ಬಿಸಿಯಾಗಿ ಚಿತ್ರ ನಿಂತುಬಿಡುತ್ತದೆ; ಎದುರಿಗಿದ್ದವನು ಕಾಣುವ ಮೊದಲೇ ಇವನು ಸತ್ತಿರುತ್ತಾನೆ. ಆಮೇಲೆ ದನಿ. ಮೈಕಿನಲ್ಲಿ ಎರಡು ಮಾತು ಆಡಿದರೆ ಯಾವ ಕಡೆಯವನು, ಎಂಥ ಮನೆಯವನು ಎಂದು ಅಳೆಯುವವರು ಅಲ್ಲೂ ಇದ್ದಾರೆ. ಕಡೆಗೆ ಹೆಸರು. ತಮ್ಮ ಜಾತಿಯ ಹೆಸರನ್ನೇ ಆಟದ ಹೆಸರಿಗೆ ಅಂಟಿಸಿಕೊಂಡವರನ್ನು ನಾನೇ ನೋಡಿದ್ದೇನೆ. ಅದೇ ಹಾಸ್ಟೆಲಿನ ಹುಡುಗ ತನ್ನ ಹೆಸರಿನ ಜೊತೆ 'ಭೀಮ್' ಎಂದು ಸೇರಿಸಿಕೊಂಡಿದ್ದ. ಒಂದು ರಾತ್ರಿ ಗುರುತಿಲ್ಲದ ಮೂವರ ಜೊತೆ ನಾಲ್ವರ ತಂಡದಲ್ಲಿ ಆಡುತ್ತಿದ್ದಾಗ ಅವನಿಗೆ ಗುಂಡು ಬಿತ್ತು. ಈ ಆಟದಲ್ಲಿ ಬಿದ್ದವನು ತಕ್ಷಣ ಸಾಯುವುದಿಲ್ಲ, ಅಂಬೆಗಾಲಿಡುತ್ತ ತೆವಳಬಹುದು. ತಂಡದವರಲ್ಲಿ ಒಬ್ಬರು ಹತ್ತಿರ ಬಂದು, ಪಕ್ಕದಲ್ಲಿ ಕೂತು ಕೆಲವು ಸೆಕೆಂಡು ಉಪಚಾರ ಮಾಡಿದರೆ ಏಳುತ್ತಾನೆ. ಇವನು ತೆವಳುತ್ತ ಅವರ ಹತ್ತಿರ ಹೋದ. ಮೈಕಿನಲ್ಲಿ ಒಬ್ಬ ಇವನ ಹೆಸರು ಓದಿ ನಕ್ಕ. ಇನ್ನೊಬ್ಬ ಜಾತಿ ಹಿಡಿದು ಒಂದು ಮಾತು ಅಂದ. ಮೂವರೂ ಸುತ್ತ ನಿಂತು, ಇವನು ಸಾಯುವವರೆಗೂ ನೋಡಿದರು.

ಮರುದಿನ ಇದನ್ನು ನನಗೆ ಹೇಳುವಾಗ ಹುಡುಗ ನಗುತ್ತಿದ್ದ. ನನಗೆ ನನ್ನ ಕಬಡ್ಡಿ ನೆನಪಾಯಿತು. ಆಗ ಮುಟ್ಟದೆ ನನ್ನನ್ನು ಗೆಲ್ಲಿಸಿದರು, ಈಗ ಮುಟ್ಟದೆ ಅವನನ್ನು ಸಾಯಿಸಿದರು. ಆಟದ ನಿಯಮ ಕಟ್ಟಿದ ದೂರದೇಶದವರಿಗೆ ಅಸ್ಪೃಶ್ಯತೆ ಗೊತ್ತಿರಲಿಕ್ಕಿಲ್ಲ. ಆದರೆ ಅವರು ಕೊಟ್ಟ ನಿಯಮದೊಳಗೆ ಅದನ್ನು ಆಚರಿಸುವ ಜಾಗವನ್ನು ನಮ್ಮವರು ಹುಡುಕಿಕೊಂಡರು. ಆ ಹುಡುಗ ಹೆಸರಿನಿಂದ 'ಭೀಮ್' ತೆಗೆದನೇ ಎಂದು ಕೇಳಿದೆ. 'ಇಲ್ರಿ, ಮತ್ತೊಂದು ಭೀಮ್ ಸೇರಿಸೀನಿ' ಅಂದ.

ಹೆಸರು ಮರೆಸಿ ಆಡುವುದಕ್ಕಿಂತ ಹೆಸರು ಇಟ್ಟುಕೊಂಡು ಆಡುವುದು ಹೇಗಿರುತ್ತದೆ? ಪಿಯುಸಿಯಲ್ಲಿದ್ದಾಗ ಪೇಟೆಯ ಸೈಬರ್ ಕೆಫೆಯಲ್ಲಿ ನಾವು ತಾಸುಗಟ್ಟಲೆ 'ಜಿಟಿಎ ಸ್ಯಾನ್ ಆಂಡ್ರಿಯಾಸ್' ಆಡುತ್ತಿದ್ದೆವು. 2004ರ ಆಟ ಅದು. ಅದರ ನಾಯಕ ಕಾರ್ಲ್ ಜಾನ್ಸನ್ ಎಂಬ ಕಪ್ಪು ಹುಡುಗ; ನಮಗೆ ಅವನು ಬರೀ ಸಿಜೆ. ತಾಯಿ ಸತ್ತ ಸುದ್ದಿ ಕೇಳಿ ಊರಿಗೆ ಬಂದವನನ್ನು ಪೊಲೀಸರು ದಾರಿಯಲ್ಲೇ ಹಿಡಿದು ಕೊಲೆಯ ಆರೋಪ ಹೊರಿಸುವ ಬೆದರಿಕೆ ಹಾಕುತ್ತಾರೆ. ಅವನಿಗೆ ತಿನ್ನಿಸಿ ದಪ್ಪ ಮಾಡಬಹುದು, ಜಿಮ್ಮಿಗೆ ಕಳಿಸಬಹುದು, ಕೂದಲು ಬದಲಿಸಬಹುದು. ಮೈಬಣ್ಣ ಮಾತ್ರ ಬದಲಾಗದು. ಕೊನೆಗೆ ಆ ಭ್ರಷ್ಟ ಪೊಲೀಸ್ ಅಧಿಕಾರಿ ಬಿಡುಗಡೆಯಾದಾಗ ಊರಿಗೆ ಊರೇ ಹೊತ್ತಿ ಉರಿಯುತ್ತದೆ. ಅದರ ಹಿಂದೆ ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು 1991ರಲ್ಲಿ ಪೊಲೀಸರು ಬಡಿದದ್ದು, 1992ರಲ್ಲಿ ಆ ಪೊಲೀಸರು ಖುಲಾಸೆಯಾಗಿ ಲಾಸ್ ಏಂಜಲೀಸ್ ಉರಿದದ್ದು ಇದೆಯೆಂದು ನನಗೆ ತಿಳಿದದ್ದು ಎಂ.ಎ.ಗೆ ಬಂದಾಗ. ಅಂಬೇಡ್ಕರ್ 1946ರಲ್ಲಿ ಡುಬೋಯ್ಸ್ ಅವರಿಗೆ ಪತ್ರ ಬರೆದದ್ದು, 1972ರಲ್ಲಿ ಮುಂಬಯಿಯ ಹುಡುಗರು ಅಮೆರಿಕದ ಪ್ಯಾಂಥರುಗಳ ಹೆಸರು ತಂದು ದಲಿತ ಪ್ಯಾಂಥರ್ಸ್ ಕಟ್ಟಿದ್ದು ಓದುವಾಗ, ಈ ದಾರಿಯಲ್ಲಿ ನಾನು ಮೊದಲೇ ಓಡಾಡಿದ್ದೆ ಅನ್ನಿಸಿತು. ಆ ಆಟ ನಿರ್ದೋಷಿಯಲ್ಲ. ಕಪ್ಪು ಜನರೆಂದರೆ ಗ್ಯಾಂಗು, ಲೂಟಿ ಎಂಬ ಬಿಳಿಯರ ಕಲ್ಪನೆಯನ್ನೇ ಅದು ಮಾರುತ್ತದೆ. ಅದನ್ನು ಕಟ್ಟಿದವರು ಸ್ಕಾಟ್ಲೆಂಡಿನಲ್ಲಿ ಕೂತವರು. ಆದರೂ ಅದರ ನಾಯಕ ಎಲ್ಲಿಂದ ಬಂದವನೆಂಬುದನ್ನು ಅದು ಮುಚ್ಚಿಡುವುದಿಲ್ಲ.

ನಮ್ಮ ದೇಶದಲ್ಲೇ ತಯಾರಾದ ಆಟಗಳು ಈ ಪ್ರಶ್ನೆಯನ್ನು ಹೇಗೆ ಎದುರಿಸುತ್ತವೆ? ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡ 2020ರಲ್ಲಿ 'ರಾಜಿ: ಆ್ಯನ್ ಏನ್ಷಂಟ್ ಎಪಿಕ್' ಎಂಬ ಆಟ ತಂದಿತು. ದೇಶದ ಹೊರಗೂ ಹೆಸರಾಯಿತು. ಕಳೆದ ಕೆಲವು ತಿಂಗಳಿಂದ ನನ್ನ ಲ್ಯಾಪ್‌ಟಾಪಿನಲ್ಲಿ ಇದನ್ನೇ ಆಡುತ್ತಿದ್ದೇನೆ. ಆಟ ಚೆಂದ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೋಟೆ, ಹವೇಲಿ, ಕಾರಂಜಿಗಳ ನಡುವೆ ಓಡುವಾಗ ನಮ್ಮ ಸವದತ್ತಿ ಕೋಟೆಯನ್ನೂ ಹೀಗೆ ಯಾರಾದರೂ ಕಟ್ಟಬಾರದೇ ಅನ್ನಿಸುತ್ತದೆ. ರಾಜಿ ಮತ್ತು ಅವಳ ತಮ್ಮ ಗೋಲು ಸರ್ಕಸ್ಸಿನಲ್ಲಿ ಆಟ ತೋರಿಸಿ ಬದುಕುವವರು. ಅಸುರರು ಬಂದು ತಮ್ಮನನ್ನು ಎತ್ತಿಕೊಂಡು ಹೋಗುತ್ತಾರೆ. ಅಕ್ಕ ಹುಡುಕುತ್ತ ಹೊರಡುತ್ತಾಳೆ. ದುರ್ಗೆ ತ್ರಿಶೂಲ ಕೊಡುತ್ತಾಳೆ, ವಿಷ್ಣು ಬಿಲ್ಲು ಕೊಡುತ್ತಾನೆ. ದಾರಿಯುದ್ದ ಅಸುರರನ್ನು ಕೊಲ್ಲುತ್ತ ಹೋದರೆ ಕೊನೆಗೆ ಅವರ ಒಡೆಯ ಮಹಾಬಲಾಸುರ.

ಈ ಹೆಸರಿಗೆ ಬಂದಾಗ ನನ್ನ ಕೈ ನಿಂತಿತು. ಆಟ ಕಟ್ಟಿದವರಿಗೆ ಬಲಿ ಚಕ್ರವರ್ತಿ ನೆನಪಿದ್ದನೋ ಇಲ್ಲವೋ, ನಮ್ಮ ಕಿವಿಗೆ 'ಮಹಾಬಲ' ಎಂಬುದು ಬೇರೆಯಾಗಿಯೇ ಕೇಳುತ್ತದೆ. ದೀಪಾವಳಿಯ ಪಾಡ್ಯದಂದು ನಾವು ನೆನೆಯುವವನು ಬಲಿ. ಅದೇ ಪುಣೆಯಲ್ಲಿ ಬಾಳಿದ ಜೋತಿಬಾ ಫುಲೆ 1873ರ 'ಗುಲಾಮಗಿರಿ'ಯಲ್ಲಿ ವಿಷ್ಣುವಿನ ಅವತಾರಗಳನ್ನು ಒಂದೊಂದಾಗಿ ಬಿಡಿಸಿ, ಬಲಿಯನ್ನು ದುಡಿಯುವವರ ಅರಸನೆಂದೂ ವಾಮನನನ್ನು ಮೋಸದಿಂದ ಬಂದ ಆಕ್ರಮಣಕಾರನೆಂದೂ ಓದಿದರು. ಮೈಸೂರಿನಲ್ಲಿ ಮಹಿಷನನ್ನು ತಮ್ಮ ಮೂಲದ ಅರಸನೆಂದು ಓದಿ ಮಹಿಷ ದಸರಾ ಮಾಡುವವರ ಕಣ್ಣಿಗೆ, ಕೈಗೆ ತ್ರಿಶೂಲ ಕೊಡುವ ಈ ದುರ್ಗೆ ಯಾರು? ಕತೆ ಓದುವಾಗ ಅಸುರನನ್ನು ಕೊಂದವನು ಇನ್ನೊಬ್ಬ. ಓದುವ ನಾನು ಬೇಸರಪಟ್ಟು ಪುಸ್ತಕ ಮುಚ್ಚಬಹುದು. ಆಟದಲ್ಲಿ ಹಾಗಲ್ಲ, ಕೊಲ್ಲುವ ಗುಂಡಿ ನನ್ನ ಬೆರಳ ಕೆಳಗೇ ಇರುತ್ತದೆ. ಒತ್ತದಿದ್ದರೆ ಆಟ ಮುಂದೆ ಹೋಗುವುದಿಲ್ಲ. ಪುರಾಣದ ಯಜಮಾನಿಕೆ ಇಷ್ಟು ನೇರವಾಗಿ ನಮ್ಮ ಕೈಯಿಂದಲೇ ಕೆಲಸ ಮಾಡಿಸಿಕೊಂಡದ್ದು ಹಿಂದೆ ಇತ್ತೇ? ನಾನು ಒತ್ತಿದೆ. ಗೆದ್ದಾಗ ಖುಷಿಯೂ ಆಯಿತು. ಅದನ್ನು ಮುಚ್ಚಿಟ್ಟು ವಿಮರ್ಶೆ ಬರೆಯುವುದು ಸುಳ್ಳು.

ಆದರೆ ಅಸುರರ ಪರವಾಗಿ ವಾದ ಹೂಡಿ ಈ ಬರಹ ಮುಗಿಸುತ್ತಿದ್ದೆನೇನೋ. ಹಾಗಾಗಗೊಡದವಳು ನನ್ನ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು. ನಮ್ಮ ಕಡೆ ಹುಡುಗಿಯರ ಕೈಗೆ ಆಟವಾಡಲು ಫೋನು ಸಿಗುವುದೇ ಕಡಿಮೆ, ಮನೆಯ ಫೋನು ಅಣ್ಣನದು. ಒಂದು ಮಧ್ಯಾಹ್ನ ಆಕೆ ಮತ್ತು ಗೆಳತಿಯರು ಲ್ಯಾಪ್‌ಟಾಪ್ ಮುಂದೆ ಕೂತು ರಾಜಿ ಆಡಿದರು. ಇಂಗ್ಲಿಷ್ ಮಾತುಗಳನ್ನು ನಾನು ಕನ್ನಡ ಮಾಡಿ ಹೇಳುತ್ತಿದ್ದೆ. ಕತೆ ಹೇಳುವವರು ದುರ್ಗೆ ಮತ್ತು ವಿಷ್ಣು. ರಾಜಿ ಒಂದೊಂದು ಗೋಡೆ ಹತ್ತಿದಾಗಲೂ ಅವರು ಮೇಲಿನಿಂದ ಅವಳ ಬಗ್ಗೆ ಮಾತಾಡಿಕೊಳ್ಳುತ್ತಾರೆ. ಸ್ವಲ್ಪ ಹೊತ್ತು ಕೇಳಿದ ಆಕೆ, 'ದೇವರು ತ್ರಿಶೂಲ ಕೊಡೂಕಿಂತ ಮೊದಲ ಆಕಿ ಜಿಗೀತಿದ್ಲಲ್ರಿ ಸರ್. ಅದನ್ನ ಯಾರು ಕೊಟ್ರು?' ಎಂದಳು.

ಅದು ನನಗೆ ಹೊಳೆದಿರಲಿಲ್ಲ. ಕಂಬಕ್ಕೆ ಸುತ್ತಿ ಹಾರುವುದು, ಗೋಡೆಯ ಮೇಲೆ ಓಡುವುದು, ಮೇಲಿಂದ ಲಾಗ ಹಾಕಿ ಇಳಿಯುವುದು - ಇಡೀ ಆಟ ನಡೆಯುವುದು ಈ ಮೈಯ ವಿದ್ಯೆಯ ಮೇಲೆ. ನಮ್ಮ ಊರುಗಳ ಸಂತೆಯಲ್ಲಿ ಇದನ್ನು ತೋರಿಸುತ್ತಿದ್ದವರು ದೊಂಬರು. ಗಳ ನೆಟ್ಟು, ಹಗ್ಗ ಕಟ್ಟಿ, ಡೋಲು ಬಡಿಯುತ್ತಿದ್ದ ಅವರ ಮಕ್ಕಳ ಎದುರು ಚಿಲ್ಲರೆ ಎಸೆದು ಬಂದವರು ನಾವೆಲ್ಲ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅವರ ಹೆಸರಿದೆ. ಆಟ ರಾಜಿಯ ಜಾತಿ ಹೇಳುವುದಿಲ್ಲ, 'ಸರ್ಕಸ್' ಎಂಬ ಮಾತಿನಲ್ಲಿ ದಾಟಿಸಿಬಿಡುತ್ತದೆ. ತಲೆಮಾರುಗಳಿಂದ ಅವಳ ಜನ ಮೈಯಲ್ಲಿ ಕಾಪಾಡಿಕೊಂಡು ಬಂದ ವಿದ್ಯೆ ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಆಯುಧ ಕೊಟ್ಟ ದೇವರುಗಳ ಕೈಗೆ ಅವಳ ಕತೆಯನ್ನೂ ಕೊಡುತ್ತದೆ. ಡಿ.ಆರ್. ನಾಗರಾಜ್ 1993ರ 'ದಿ ಫ್ಲೇಮಿಂಗ್ ಫೀಟ್'ನಲ್ಲಿ ಎತ್ತಿದ ಆತಂಕ ಇಲ್ಲಿ ನೆನಪಾಗಬೇಕು: ಅವಮಾನದಿಂದ ಬಿಡಿಸಿಕೊಳ್ಳುವ ಭರದಲ್ಲಿ ನಾವು ನಮ್ಮ ಕಸುಬು, ಕಲೆ, ದೈವಗಳ ನೆನಪನ್ನೂ ಕಳೆದುಕೊಂಡುಬಿಡುತ್ತೇವೆಯೇ? ನಾನು ಅಸುರರನ್ನು ಹುಡುಕುತ್ತ ಎದುರಿಗೇ ಇದ್ದ ದೊಂಬರ ಹುಡುಗಿಯನ್ನು ನೋಡದೆ ಹೋದೆ. ದಲಿತ ವಿಮರ್ಶೆ ಹೆಸರಿನಲ್ಲಿ ಸದಾ ಎದುರಾಳಿಯ ಪುರಾಣವನ್ನೇ ಓದುತ್ತ ಕೂರುವ ನಮ್ಮ ರೂಢಿಯೂ ಇದಕ್ಕೆ ಕಾರಣ ಇರಬಹುದು.

ಆ ದಿನದಿಂದ ಆಕೆಗೆ ತಾನೇ ಒಂದು ಆಟ ಮಾಡಬೇಕೆಂಬ ಹುಕಿ. ಕಂಪ್ಯೂಟರ್ ಬರುವುದಿಲ್ಲ, ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಬರೆಯುತ್ತಿದ್ದಾಳೆ. ಕತೆ ನಮ್ಮ ಸವದತ್ತಿ ಗುಡ್ಡದ್ದು. ಕೊಡಲಿ ಹಿಡಿದು ಬೆನ್ನಟ್ಟಿದ ಮಗ ಪರಶುರಾಮನಿಂದ ತಪ್ಪಿಸಿಕೊಂಡು ರೇಣುಕೆ ಓಡಿ ಬಂದು ಕೇರಿಯ ಮಾತಂಗಿಯ ಗುಡಿಸಲು ಹೊಗುತ್ತಾಳೆ. ಮಾತಂಗಿ ಅವಳನ್ನು ಅಪ್ಪಿಕೊಂಡು ನಿಲ್ಲುತ್ತಾಳೆ. ಒಂದೇ ಏಟಿಗೆ ಎರಡೂ ತಲೆ ಉರುಳುತ್ತವೆ. ಜೀವ ಕೊಡುವಾಗ ಅವಳ ತಲೆ ಇವಳಿಗೆ, ಇವಳ ತಲೆ ಅವಳಿಗೆ ಕೂಡಿತು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಇದೇ ಎಲ್ಲಮ್ಮನ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ್ದು, ಅದನ್ನು ತಡೆಯಲು 1982ರಲ್ಲಿ ಕಾಯ್ದೆ ತರಬೇಕಾದದ್ದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತು. ಅವಳ ಅಜ್ಜಿಯ ಕೊರಳಲ್ಲಿ ಆ ಮುತ್ತು ಇತ್ತು. ಹಾಗಾಗಿ ಇದನ್ನು ಬರೀ ಚೆಂದದ ಕತೆ ಮಾಡಬೇಡ ಎಂದು ಹೇಳುವ ಗರಜು ನನಗೆ ಬೀಳಲಿಲ್ಲ.

ಅವಳ ಹಾಳೆಯಲ್ಲಿ ಮೊದಲ ಹಂತಕ್ಕೆ ಆಯುಧವಿಲ್ಲ. ಬೆನ್ನಟ್ಟುವವನು ಬರುವುದರೊಳಗೆ ಬಾಗಿಲಿಗೆ ಬಂದವಳನ್ನು ಕೈ ಹಿಡಿದು ಒಳಗೆ ಕರೆದುಕೊಳ್ಳಬೇಕು, ಅಷ್ಟೇ. ಎರಡನೇ ಹಂತದಲ್ಲಿ ತಲೆಗಳು ಬದಲಾಗಿವೆ. ಅಲ್ಲಿಗೆ ಬಂದು ಪೆನ್ಸಿಲ್ ನಿಂತಿದೆ. 'ಈಗ ನಾ ಆಡೂದು ಯಾರನ್ರಿ ಸರ್, ಅವರ ತಲಿ ಇದ್ದಾಕಿನೋ, ನಮ್ಮ ತಲಿ ಇದ್ದಾಕಿನೋ?' ಎಂದು ಕೇಳಿ ಮೂರು ವಾರ ಆಯಿತು. ಹಾಳೆ ನನ್ನ ಮೇಜಿನ ಮೇಲೇ ಇದೆ.