ಹಾಡಿನ ಪಕ್ಕದಲ್ಲಿ ಕೂತ ಗಿಟಾರು

ಫ್ಲಮೆಂಕೊ ಗಿಟಾರಿನ ಲೋಕಕ್ಕೆ ನಾನು ಕಾಲಿಟ್ಟದ್ದು ತಪ್ಪು ಬಾಗಿಲಿನಿಂದ. 1980ರ ಡಿಸೆಂಬರಿನಲ್ಲಿ ಪಾಕೊ ದೆ ಲೂಸಿಯಾ, ಅಲ್ ಡಿ ಮಿಯೋಲಾ, ಜಾನ್ ಮೆಕ್‌ಲಾಫ್ಲಿನ್ ಮೂವರೂ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನುಡಿಸಿದ ಕಛೇರಿಯ ಕ್ಯಾಸೆಟ್ಟು ಅದು. ಒಬ್ಬ ಓಡಿದರೆ ಇನ್ನೊಬ್ಬ ಹಾರುತ್ತಾನೆ; ಜನ ಕೇಕೆ ಹಾಕುತ್ತಾರೆ. ಈಗಲೂ ಕೇಳಿದರೆ ಮೈ ಜುಮ್ಮೆನ್ನುತ್ತದೆ, ಸುಳ್ಳು ಹೇಳಲಾರೆ. ಆದರೆ ಫ್ಲಮೆಂಕೊ ಅಂದರೆ ವೇಗ, ದೊಡ್ಡ ವಾದಕ ಅಂದರೆ ಬೇಗ ನುಡಿಸುವವನು ಎಂಬ ತಿಳಿವಳಿಕೆ ಆಗ ತಲೆಯಲ್ಲಿ ಕೂತದ್ದು ಇಳಿಯಲು ವರ್ಷಗಳೇ ಬೇಕಾದವು.

ಫ್ಲಮೆಂಕೊದಲ್ಲಿ ಗಿಟಾರು ಪಕ್ಕವಾದ್ಯ. ದಕ್ಷಿಣ ಸ್ಪೇನಿನ ಆಂದಲೂಸಿಯಾದ ಈ ಸಂಗೀತದಲ್ಲಿ ಯಜಮಾನಿಕೆ ಹಾಡಿನದು. ಮಾರ್ತಿನೇತೆಯಂಥ ಹಳೆಯ ಪ್ರಕಾರಗಳನ್ನು ಇವತ್ತಿಗೂ ಗಿಟಾರಿನ ಹಂಗಿಲ್ಲದೆ ಹಾಡುತ್ತಾರೆ. ವಾದ್ಯದ ಮೈಕಟ್ಟನ್ನೇ ನೋಡಿ: ಸೈಪ್ರೆಸ್ ಮರದ ಹಗುರ ಮೈ, ಫ್ರೆಟ್ಟಿಗೆ ತಾಗುವಷ್ಟು ತಗ್ಗಿನಲ್ಲಿ ಬಿಗಿದ ತಂತಿ. ಅಗ್ಗಕ್ಕೆ ಸಿಗುತ್ತದೆಂದು ಆ ಮರ ಹಿಡಿದರು ಎನ್ನುತ್ತಾರೆ. ಇರಬಹುದು. ಆದರೆ ಅದರಿಂದ ಬಂದ ಗುಣವೇ ಬೇರೆ. ಶಾಸ್ತ್ರೀಯ ಗಿಟಾರಿನ ನಾದ ಉಳಿದು ಹರಡಿದರೆ, ಇದರದು ಟಪ್ಪೆಂದು ಹುಟ್ಟಿ ಬೇಗ ಆರಿಹೋಗುತ್ತದೆ; ಹಾಡುವವನಿಗೆ ಜಾಗ ಬಿಡುತ್ತದೆ.

ಸೊಲೆಯಾ ಎಂಬ ಪ್ರಕಾರವನ್ನು ತೆಗೆದುಕೊಳ್ಳಿ. ಹನ್ನೆರಡು ಎಣಿಕೆಯ ಆವರ್ತ, ಒತ್ತು ಬೀಳುವುದು 3, 6, 8, 10, 12ರ ಮೇಲೆ. ಇದಕ್ಕೆ ಕೊಂಪಾಸ್ ಎನ್ನುತ್ತಾರೆ. ತೊಡೆಯ ಮೇಲೆ ತಾಳ ಹಾಕುತ್ತ ಕೂತವರಿಗೆ ಮೊದಮೊದಲು ಕಂಗಾಲು. ಮೂರರ ನಡೆಯಲ್ಲಿ ಹೊರಟದ್ದು ನಡುವೆ ಎರಡರ ನಡೆಗೆ ಜಾರುತ್ತದೆ, ಸಂಗೀತದ ವಾಕ್ಯ ಹತ್ತರ ಮೇಲೆ ನಿಲ್ಲುತ್ತದೆ. ಈ ಚೌಕಟ್ಟಿನೊಳಗೆ ಗಾಯಕ ಸಾಲನ್ನು ಎಳೆಯುತ್ತಾನೆ, ಮುರಿಯುತ್ತಾನೆ, ಉಸಿರಿಗಾಗಿ ನಿಲ್ಲುತ್ತಾನೆ. ನಮ್ಮ ಪಿಟೀಲು ಹಾಡಿನ ಬೆನ್ನಿಗೇ ನಡೆದು ಅದರ ಸಂಚಾರವನ್ನು ನೆರಳಿನಂತೆ ಬಿಡಿಸುತ್ತದೆ. ಫ್ಲಮೆಂಕೊ ಗಿಟಾರು ಹಾಗಲ್ಲ. ಅದು ನೆಲ ಹಾಸುತ್ತದೆ, ಕಾಯುತ್ತದೆ, ಸಾಲು ಮುಗಿದಾಗ ಉತ್ತರ ಕೊಡುತ್ತದೆ. ಗಾಯಕ ಸುಧಾರಿಸಿಕೊಳ್ಳುವ ಹೊತ್ತಿಗೆ ನುಡಿಸುವ ತುಣುಕಿಗೆ ಫಾಲ್ಸೆತಾ ಎಂದು ಹೆಸರು. ತನಿಯಾಗಿ ನುಡಿಸುವ ಗಿಟಾರು ಅಂದರೆ ಬಹುಪಾಲು ಈ ಫಾಲ್ಸೆತಾಗಳನ್ನು ಪೋಣಿಸಿದ ಮಾಲೆ. ಅಂದರೆ ಹಾಡಿನ ನಡುವಿನ ಬಿಡುವುಗಳನ್ನೇ ಕೂಡಿಸಿ ಕಟ್ಟಿದ ಸಂಗೀತ.

ಇದರ ಸ್ವರಗಳು ನಮ್ಮ ಕಿವಿಗೆ ಅಪರಿಚಿತವಲ್ಲ. ಮೂಲ ಸ್ವರಶ್ರೇಣಿ ನಮ್ಮ ಹನುಮತೋಡಿಯದೇ. ಕೊನೆಗೆ ಬಂದು ನಿಲ್ಲುವ ಕಾರ್ಡಿನಲ್ಲಿ ಗಾಂಧಾರ ಮೇಲೇರಿ ವಕುಳಾಭರಣದ ಬಣ್ಣ ಬರುತ್ತದೆ. ಸ್ಪೇನಿನ ಜಿಪ್ಸಿಗಳ ಪೂರ್ವಿಕರು ಭಾರತದಿಂದ ಹೊರಟವರೆಂದು ಭಾಷಾಶಾಸ್ತ್ರಜ್ಞರು ಒಪ್ಪುತ್ತಾರೆ. ಈ ಎರಡನ್ನೂ ಗಂಟು ಹಾಕಿ ‘ಇದು ನಮ್ಮದೇ’ ಎಂದು ಎದೆ ತಟ್ಟಿಕೊಳ್ಳುವವರು ಸಿಗುತ್ತಾರೆ. ಶತಮಾನಗಳ ಅಲೆದಾಟವನ್ನು ಒಂದು ಮೇಳಕರ್ತದಲ್ಲಿ ಮುಗಿಸಿಬಿಡುವ ಆತುರ ಅದು.

ಗಿಟಾರನ್ನು ಪಕ್ಕದಿಂದ ವೇದಿಕೆಯ ನಡುವಿಗೆ ತಂದವರಲ್ಲಿ ರಮೋನ್ ಮೊಂತೋಯಾ ಮುಖ್ಯ. ಅಂತೋನಿಯೊ ಚಾಕೋನ್‌ನಂಥ ಗಾಯಕನಿಗೆ ಸಾಥ್ ಕೊಟ್ಟು ಪಳಗಿದ ಕೈ. ಶಾಸ್ತ್ರೀಯ ಗಿಟಾರಿನಿಂದ ಧಾರಾಳವಾಗಿ ಎತ್ತಿಕೊಂಡ, ತಂತಿಗಳ ಶ್ರುತಿ ಬದಲಿಸಿ ರೊಂದೇನ್ಯಾ ಎಂಬ ರಚನೆ ಕಟ್ಟಿದ, 1936ರಲ್ಲಿ ಪ್ಯಾರಿಸ್ಸಿನಲ್ಲಿ ತನಿ ಧ್ವನಿಮುದ್ರಿಕೆಗಳನ್ನು ಮಾಡಿದ. ಅದೇ ವರ್ಷ ಸ್ಪೇನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಇನ್ನೊಬ್ಬ ಗಿಟಾರು ವಾದಕ ಸಬೀಕಾಸ್ ದೇಶ ಬಿಟ್ಟ. ಕೊನೆಗೆ ನ್ಯೂಯಾರ್ಕಿನಲ್ಲಿ ನೆಲೆಯೂರಿ 1990ರಲ್ಲಿ ಅಲ್ಲೇ ತೀರಿಕೊಂಡ. ಅವನ ಒಂದೊಂದು ಸ್ವರವೂ ತೊಳೆದಿಟ್ಟ ಹಾಗಿರುತ್ತದೆ. ಕೆಲವೊಮ್ಮೆ ಅಷ್ಟು ತೊಳೆಯಬಾರದಿತ್ತು ಅನ್ನಿಸುತ್ತದೆ.

ಇವರಿಬ್ಬರಿಗೂ ಎದುರಾಗಿ ನಿಲ್ಲುವವನು ಡಿಯೆಗೊ ದೆಲ್ ಗಾಸ್ತೋರ್. ಮೊರೋನ್ ದೆ ಲಾ ಫ್ರೊಂತೇರಾ ಎಂಬ ಊರಿನಲ್ಲಿ ಬದುಕಿ 1973ರಲ್ಲಿ ತೀರಿಕೊಂಡವನು. ವೃತ್ತಿಪರ ವೇದಿಕೆ, ಧ್ವನಿಮುದ್ರಣ ಕಂಪನಿ ಎರಡರಿಂದಲೂ ದೂರ. ಅವನನ್ನು ಹುಡುಕಿಕೊಂಡು ಬಂದ ಅಮೆರಿಕನ್ನರು, ಇತರ ವಿದೇಶಿಯರು ಕೂಟಗಳಲ್ಲಿ ಟೇಪ್ ಮಾಡಿಕೊಂಡದ್ದರಿಂದ ನಮಗೆ ಅವನ ಕೈ ಕೇಳಿಸುತ್ತದೆ. ಹಿನ್ನೆಲೆಯಲ್ಲಿ ಗದ್ದಲ, ಯಾರದೋ ಕೆಮ್ಮು. ಹೆಬ್ಬೆರಳಿನಿಂದ ನಾಲ್ಕೈದು ಸ್ವರ ಕಿತ್ತು ಸುಮ್ಮನಾಗುತ್ತಾನೆ. ಆ ಸುಮ್ಮನಿರುವಿಕೆಯಲ್ಲೂ ಕೊಂಪಾಸ್ ಓಡುತ್ತಿರುತ್ತದೆ, ಮತ್ತೆ ಬೆರಳು ಬಿದ್ದಾಗ ಅಲ್ಲಲ್ಲದೆ ಬೇರೆಲ್ಲೂ ಬೀಳಲು ಸಾಧ್ಯವೇ ಇರಲಿಲ್ಲ ಅನ್ನಿಸುತ್ತದೆ. ಬುಲೆರಿಯಾಸ್ ಎಂಬ ಪ್ರಕಾರವನ್ನು ನುಡಿಸುವಾಗಲಂತೂ ಇದು ಪವಾಡದ ಹತ್ತಿರ ಹೋಗುತ್ತದೆ.

ಅವನ ಭಕ್ತರ ಜೊತೆ ಮಾತ್ರ ನನ್ನ ಜಗಳವಿದೆ. ಡಿಯೆಗೊ ಶುದ್ಧ, ಉಳಿದವರು ಕೆಟ್ಟವರು ಎಂದು ಗೆರೆ ಕೊರೆದವರು ಅವರು. ಗಿಟಾರು ಕಲಿಯದ ಒರಟುತನವನ್ನೇ ಆತ್ಮ ಎಂದು ಮಾರಿದವರೂ ಇದ್ದಾರೆ. ಶುದ್ಧ ಅಂದರೇನು? ಕ್ಯೂಬಾದ ಲಯವಿಲ್ಲದೆ ಫ್ಲಮೆಂಕೊ ರುಂಬಾ ಹುಟ್ಟುತ್ತಿರಲಿಲ್ಲ. ಇವತ್ತು ಪ್ರತಿ ತಂಡದಲ್ಲೂ ಕಾಣುವ ಕಹೋನ್ ಎಂಬ ಮರದ ಪೆಟ್ಟಿಗೆ ಪೆರು ದೇಶದ್ದು. ಎಪ್ಪತ್ತರ ದಶಕದ ಕೊನೆಯಲ್ಲಿ ಅದನ್ನು ತಂದವನು ಪಾಕೊ.

ಪಾಕೊ 1947ರಲ್ಲಿ ಬಂದರು ಪಟ್ಟಣ ಅಲ್ಹೆಸಿರಾಸ್‌ನಲ್ಲಿ ಹುಟ್ಟಿದವನು. ಹುಡುಗನ ಕೈಯಲ್ಲಿ ಇದ್ದದ್ದು ಸೆವಿಯ್ಯಾದ ನೀನ್ಯೊ ರಿಕಾರ್ದೊನ ಬಾನಿ. ಅಮೆರಿಕಕ್ಕೆ ಹೋದಾಗ ಸಬೀಕಾಸ್ ಅವನನ್ನು ಕೇಳಿ, ಇನ್ನೊಬ್ಬರದನ್ನು ಬಿಟ್ಟು ನಿನ್ನದನ್ನು ನುಡಿಸು ಎಂದು ಹೇಳಿದ್ದು ಅವನ ಬದುಕನ್ನು ತಿರುಗಿಸಿತು. 1973ರ ‘ಎಂತ್ರೆ ದೋಸ್ ಆಗುವಾಸ್’ ಎಂಬ ರುಂಬಾ ಅವನನ್ನು ಮನೆಮಾತಾಗಿಸಿತು. 1987ರ ‘ಸಿರೊಕ್ಕೊ’ ಆಲ್ಬಮ್ ತನಿ ಗಿಟಾರಿನ ಶಿಖರ ಎನ್ನುವವರ ಮಾತನ್ನು ನಾನೂ ಒಪ್ಪುತ್ತೇನೆ.

ಆದರೂ ಪಾಕೊ ಪೂರ್ತಿ ಸಿಗುವುದು ಗಾಯಕ ಕಮರೋನ್ ದೆ ಲಾ ಇಸ್ಲಾನ ಪಕ್ಕದಲ್ಲಿ. 1969ರಿಂದ ಸುಮಾರು ಒಂದು ದಶಕ ಇಬ್ಬರೂ ಸೇರಿ ಮಾಡಿದ ರೆಕಾರ್ಡುಗಳನ್ನು ಕೇಳಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಿಂಚಿದ ಬೆರಳುಗಳೇ ಇಲ್ಲೂ ಇವೆ, ಆದರೆ ಕಮರೋನ್‌ನ ಸೀಳುದನಿ ಮೇಲೇರಿದಾಗ ಅವು ಹಿಂದೆ ಸರಿಯುತ್ತವೆ. ಒಂದು ಕಾರ್ಡು, ಮರದ ಮೇಲೆ ಉಗುರಿನ ಒಂದು ಪೆಟ್ಟು, ಅಷ್ಟೇ. ಸಾಲು ಮುಗಿದ ಮರುಕ್ಷಣ ಫಾಲ್ಸೆತಾ ಚಿಮ್ಮುತ್ತದೆ. ವೇಗ ಆಗ ಪ್ರದರ್ಶನವಲ್ಲ. ತಡೆದು ಹಿಡಿದದ್ದರ ಬಿಡುಗಡೆ. ಅವನ ನಂತರದವರು ಎತ್ತಿಕೊಂಡದ್ದು ಹೆಚ್ಚಾಗಿ ಬೆರಳುಗಳನ್ನು. ವಿಸೆಂತೆ ಅಮೀಗೊನಂಥ ನಿಜವಾದ ಪ್ರತಿಭೆಗಳನ್ನು ಬಿಟ್ಟರೆ, ಒಬ್ಬನ ರೆಕಾರ್ಡಿಗೆ ಇನ್ನೊಬ್ಬನ ಹೆಸರು ಹಚ್ಚಿದರೂ ಗೊತ್ತಾಗದಷ್ಟು ಎಲ್ಲವೂ ಒಂದೇ ಅಚ್ಚು. ಹೆರೆಸ್ ಊರಿನ ಮೊರಾಯಿತೊ ನೆನಪಾಗುವುದು ಆಗಲೇ. 2011ರಲ್ಲಿ ತೀರಿಕೊಂಡ ಅವನು ಹಾಡುವವರ ಪಕ್ಕ ನಗುನಗುತ್ತ ಕೂತು ಎರಡು ಕಾರ್ಡಿನಲ್ಲಿ ಇಡೀ ಕೋಣೆಯನ್ನು ಕುಣಿಸುತ್ತಿದ್ದ.

ಹಾಡಲಾರದ್ದಕ್ಕೆ ಗಿಟಾರು ಹಿಡಿದೆ ಎಂಬರ್ಥದ ಮಾತನ್ನು ಪಾಕೊ ಹಲವು ಸಲ ಆಡಿದ್ದ. 2014ರ ಫೆಬ್ರವರಿಯಲ್ಲಿ ಅವನು ಮೆಕ್ಸಿಕೊದಲ್ಲಿ ಹಠಾತ್ತನೆ ತೀರಿಕೊಂಡ ಮೇಲೆ ‘ಕಾನ್ಸಿಯೋನ್ ಆಂದಲೂಸಾ’ ಎಂಬ ಆಲ್ಬಮ್ ಹೊರಬಂತು. ಅವನು ಬಾಲ್ಯದಲ್ಲಿ ಕೇಳಿ ಬೆಳೆದ ಕೋಪ್ಲಾಗಳು, ಆ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಹಾಡುಗಳು. ಹೆಚ್ಚಿನವುಗಳಲ್ಲಿ ಹಾಡುವವರೇ ಇಲ್ಲ. ಸಾಲು ಎಲ್ಲಿ ಉಸಿರು ಕೇಳುತ್ತದೋ ಅಲ್ಲಿ ಗಿಟಾರು ನಿಲ್ಲುತ್ತದೆ, ಮತ್ತೆ ಹಾಡತೊಡಗುತ್ತದೆ.