ಆಲ್ದೋ ಬಂದ ಮೇಲೆ ಬಟ್ ಯಾಕೆ ಬರುತ್ತದೆ?

ಬೆಂಗಳೂರಿನ ಪುಲಿಕೇಶಿನಗರದ ಕೋಲ್ಸ್ ಪಾರ್ಕ್ ಸುತ್ತಮುತ್ತಲ ಶಾಲೆಗಳಲ್ಲಿ ದಖನಿ ಉರ್ದು, ತಮಿಳು, ಕನ್ನಡ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಮನೆಮಾತು ಬೇರೆಯಾದರೂ ಇಂಗ್ಲಿಷ್ ರಜಾ ಚೀಟಿಯಲ್ಲಿ ಅವರು ಮಾಡುವ ತಪ್ಪು ಒಂದೇ: ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್, ಸೋ ಐ ಕೆನಾಟ್ ಕಮ್.’ ಮೇಷ್ಟ್ರು ‘ಸೋ’ಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ‘ಎರಡೆರಡು ಕಂಜಂಕ್ಷನ್ ಬರಬಾರದು’ ಎನ್ನುತ್ತಾರೆ. ಅದೇ ಹುಡುಗ ಮುಂದಿನ ಪಾಠದಲ್ಲಿ ‘ಆಲ್ದೋ ಇಟ್ ವಾಸ್ ರೇನಿಂಗ್, ಬಟ್ ವಿ ಪ್ಲೇಯ್ಡ್’ ಎಂದು ಬರೆಯುತ್ತಾನೆ. ಇಂಥ ವಾಕ್ಯಗಳ ಮಟ್ಟಿಗೆ ಮೇಷ್ಟ್ರು ಹೇಳಿದ ನಿಯಮ ಸರಿಯೇ. ಆದರೆ ತಪ್ಪು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಅದು ಮುಟ್ಟುವುದೇ ಇಲ್ಲ. ನಮ್ಮ ಇಂಗ್ಲಿಷ್ ಬೋಧನೆಯ ದೊಡ್ಡ ಕೊರತೆ ಇರುವುದು ಇಲ್ಲೇ.

ಕನ್ನಡದಲ್ಲಿ ‘ಮಳೆ ಬಂದರೂ ಆಡಿದೆವು’ ಎನ್ನುತ್ತೇವೆ. ‘ಜ್ವರ ಬಂದದ್ದರಿಂದ ಬರಲಿಲ್ಲ’ ಎನ್ನುತ್ತೇವೆ. ಎರಡೂ ಕಡೆ ಜೋಡಿಸುವ ಗುರುತು ಒಂದೊಂದೇ. ಅದು ಮೊದಲ ಮಾತಿನ ಕೊನೆಯಲ್ಲಿ, ಎರಡು ಮಾತುಗಳು ಕೂಡುವ ಜಾಗದಲ್ಲೇ ಇರುತ್ತದೆ. ತಮಿಳಿನದೂ ಇದೇ ರೀತಿ. ಇಂಗ್ಲಿಷ್‌ನ ‘ಆಲ್ದೋ’, ‘ಆ್ಯಸ್’ ಹೋಗಿ ಮಾತಿನ ತಲೆಯಲ್ಲಿ ಕೂತುಬಿಡುತ್ತವೆ. ಅಲ್ಪವಿರಾಮದ ಹತ್ತಿರ ಬಂದಾಗ ಕನ್ನಡದ ಕಿವಿಗೆ ಆ ಜಾಗ ಬರಿದಾಗಿ ಕೇಳುತ್ತದೆ, ಕೈ ತಾನಾಗಿ ಒಂದು ‘ಬಟ್’ ತಂದಿಡುತ್ತದೆ. ಉರ್ದು ಮನೆಯ ಹುಡುಗನ ದಾರಿ ಬೇರೆ. ಅಲ್ಲಿ ‘ಅಗರ್ಚೆ’ (ಆಲ್ದೋ) ಎಂದು ಶುರು ಮಾಡಿದರೆ ಹಿಂದೆಯೇ ‘ಮಗರ್’ ಅಥವಾ ‘ಲೇಕಿನ್’ (ಬಟ್) ಬರುವುದು ವಾಡಿಕೆ.

‘ಅನ್‌ಟಿಲ್’ನಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ‘ಅನ್‌ಟಿಲ್ ಹಿ ಡಸಂಟ್ ಕಮ್’ ಎಂಬ ತಪ್ಪಿನ ಹಿಂದೆ ಇರುವುದು ದಖನಿಯ ‘ಜಬ್ ತಕ್ ನೈ ಆತಾ’, ಅಂದರೆ ‘ಬರದೇ ಇರುವ ತನಕ’. ‘ಬರೋತನಕ’ ಎನ್ನುವ ಕನ್ನಡದ ಹುಡುಗನಿಗೆ ಅಲ್ಲಿ ಆ ‘ಇಲ್ಲ’ ಬೇಕಾಗಿಯೇ ಇಲ್ಲ. ಅವನು ಎಡವುವುದು ‘ಅನ್‌ಲೆಸ್’ನಲ್ಲಿ. ‘ಓದದಿದ್ದರೆ ಪಾಸಾಗಲ್ಲ’ ಎಂಬುದರಲ್ಲಿ ನಿಷೇಧ ಕ್ರಿಯಾಪದದೊಳಗೇ ಇರುವುದರಿಂದ ‘ಅನ್‌ಲೆಸ್ ಯೂ ಡೋಂಟ್ ಸ್ಟಡಿ’ ಎಂದುಬಿಡುತ್ತಾನೆ. ಪುಲಿಕೇಶಿನಗರದ ಒಂದು ತರಗತಿಯಲ್ಲಿ ಈ ಮನೆಮಾತಿನ ವಾಕ್ಯಗಳನ್ನು ಇಂಗ್ಲಿಷಿನೊಂದಿಗೆ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ತೋರಿಸಲು ಹತ್ತು ನಿಮಿಷ ಸಾಕು. ಆದರೆ ಇಂಗ್ಲಿಷ್ ಪೀರಿಯಡ್‌ನಲ್ಲಿ ಮನೆಮಾತು ಬಾಯಿಗೆ ಬಂದರೆ ದಂಡ ಹಾಕುವ ಶಾಲೆಗಳು ಈ ಸಲಕರಣೆಯನ್ನೇ ಬಾಗಿಲ ಹೊರಗೆ ಬಿಡುತ್ತವೆ.

ಪರೀಕ್ಷೆಯೂ ಇಂಥ ಕಲಿಕೆಗೆ ನೆರವಾಗುವುದಿಲ್ಲ. ದ್ವಿತೀಯ ಪಿಯುಸಿ ಇಂಗ್ಲಿಷ್ ಪತ್ರಿಕೆಯಲ್ಲಿ ಲಿಂಕರ್‌ಗಳನ್ನು, ಅಂದರೆ ಜೋಡಿಸುವ ಪದಗಳನ್ನು, ಆವರಣದಲ್ಲಿ ಕೊಟ್ಟು ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆ ಬರುತ್ತದೆ. ಮೂರು ಜಾಗ ತುಂಬಿದರೆ ನಾಲ್ಕನೆಯದು ತಾನಾಗಿ ತುಂಬಿಕೊಳ್ಳುತ್ತದೆ. ಎರಡು ವಾಕ್ಯಗಳ ನಡುವೆ ಕಾರಣವಿದೆಯೋ ವಿರೋಧವಿದೆಯೋ ಎಂದು ಮಗು ಯೋಚಿಸಿತೇ ಎಂಬುದು ಅಲ್ಲಿ ತಿಳಿಯುವುದಿಲ್ಲ. ಈ ವಿಷಯದಲ್ಲಿ 1935ರ ರೆನ್ ಅಂಡ್ ಮಾರ್ಟಿನ್ ವ್ಯಾಕರಣವೇ ಮೇಲು ಎನ್ನುತ್ತೇನೆ. ಕಂಜಂಕ್ಷನ್‌ಗಳನ್ನು ಕ್ಯುಮ್ಯುಲೇಟಿವ್, ಅಡ್ವರ್ಸೇಟಿವ್, ಇಲ್ಲೇಟಿವ್ ಎಂದೆಲ್ಲ ವಿಂಗಡಿಸುವ ಅದರ ಪಟ್ಟಿ ಒಣಗಿದ್ದು, ನಿಜ. ಆದರೆ ಸಿಂಥೆಸಿಸ್ ಅಧ್ಯಾಯಗಳಲ್ಲಿ ಬಿಡಿ ವಾಕ್ಯಗಳನ್ನು ಕೊಟ್ಟು ಒಂದಾಗಿಸಿ ಎನ್ನುತ್ತದೆ. ಯಾವುದನ್ನು ಮುಖ್ಯವಾಕ್ಯ ಮಾಡಬೇಕು, ಯಾವುದನ್ನು ಅಧೀನಕ್ಕೆ ಇಳಿಸಬೇಕು ಎಂದು ಅಲ್ಲಿ ಹುಡುಗನೇ ತೀರ್ಮಾನಿಸಬೇಕು. ‘ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, ಬಸ್ ಹಿಡಿದು ಬಂದೆ’ ಎನ್ನುವುದನ್ನು ‘ಅಂಡ್, ಅಂಡ್, ಅಂಡ್’ ಎಂದು ಎಳೆಯುವ ನಮ್ಮ ಮಕ್ಕಳಿಗೆ ಬೇಕಾದ ಅಭ್ಯಾಸ ಅದೇ.

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಕೋಚಿಂಗ್‌ನ ಕತೆ ಬೇರೆ. ಅಲ್ಲಿ ಪ್ರತಿ ವಾಕ್ಯದ ತಲೆಗೂ ‘ಮೋರೋವರ್’, ‘ಫರ್ದರ್‌ಮೋರ್’ ಕಟ್ಟುವುದನ್ನು ಕಲಿಸುತ್ತಾರೆ. ಆ ಪರೀಕ್ಷೆಯ ಮೌಲ್ಯಮಾಪನ ಸೂತ್ರಗಳೇ ಜೋಡಿಸುವ ಪದಗಳ ಅತಿಬಳಕೆ, ಯಾಂತ್ರಿಕ ಬಳಕೆ ಎರಡನ್ನೂ ದೋಷವೆಂದು ಗುರುತಿಸುತ್ತವೆ. ಹಾಗಿದ್ದೂ ದುಡ್ಡು ತೆಗೆದುಕೊಂಡು ಅದನ್ನೇ ಬಾಯಿಪಾಠ ಮಾಡಿಸುವುದು ವಿದ್ಯಾರ್ಥಿಗೆ ಮಾಡುವ ಅನ್ಯಾಯ.

ಪಿಯುಸಿ ಪ್ರಶ್ನೆಪತ್ರಿಕೆ ತೆಗೆಯುವವರು ಒಂದು ಸಣ್ಣ ಬದಲಾವಣೆ ಮಾಡಬಹುದು. ಲಿಂಕರ್‌ಗಳ ಆವರಣವನ್ನು ತೆಗೆದುಹಾಕಿ ಎರಡು ವಾಕ್ಯ ಕೊಡಲಿ: ‘ಹಿ ಈಸ್ ಫ್ರಮ್ ಶಿವಾಜಿನಗರ್ ಅಂಡ್ ಹಿ ಸ್ಪೀಕ್ಸ್ ಗುಡ್ ಇಂಗ್ಲಿಷ್’, ‘ಹಿ ಈಸ್ ಫ್ರಮ್ ಶಿವಾಜಿನಗರ್ ಬಟ್ ಹಿ ಸ್ಪೀಕ್ಸ್ ಗುಡ್ ಇಂಗ್ಲಿಷ್.’ ವ್ಯಾಕರಣದ ಪ್ರಕಾರ ಎರಡೂ ಸರಿ. ಎರಡನೆಯದನ್ನು ಹೇಳಿದವನು ಶಿವಾಜಿನಗರದವರ ಬಗ್ಗೆ ಏನು ಅಂದುಕೊಂಡಿದ್ದಾನೆ ಎಂದು ಕೇಳಲಿ. ಉತ್ತರವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಬರೆಯಲೂ ಬಿಡಲಿ.