ವೀಡಿಯೊ ಆಟಗಳ ವಯೋಸೂಚಕಾಂಕ: ಒಂದು ವಿಮರ್ಶೆ

ಹೊಸದೊಂದು ಶಾಸನವು ದೊರೆತಾಗ ಇತಿಹಾಸದ ಅಭ್ಯಾಸಿಯು ಮೂರು ಪ್ರಶ್ನೆಗಳನ್ನು ಕೇಳುವುದುಂಟು. ಇದನ್ನು ಬರೆಯಿಸಿದವರಾರು? ಯಾರು ಓದಲೆಂದು ಬರೆಯಿಸಿದರು? ಇದರ ಮಾತನ್ನು ನಡೆಯಿಸುವ ಅಧಿಕಾರವು ಯಾರದಾಗಿತ್ತು? ಮೊಬೈಲ್ ಆಟಗಳ ಹೆಸರಿನ ಬಳಿ ಕಾಣುವ 3+, 7+, 12+, 16+, 18+ ಎಂಬ ಅಂಕಗಳೂ ಒಂದು ಬಗೆಯ ಲಿಖಿತವೇ. ಕಾಗವಾಡ ತಾಲೂಕಿನ ಮಂಗಸೂಳಿಯಂತಹ ಗಡಿಯೂರಿನಲ್ಲಿ ಇವುಗಳ ಬೆಲೆಯೇನೆಂಬುದನ್ನು ಇದೇ ಪ್ರಶ್ನೆಗಳಿಂದ ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಈ ಪದ್ಧತಿಯು ಬೆಳೆದುದು ಹೊರನಾಡಿನಲ್ಲಿ. ‘ಮಾರ್ಟಲ್ ಕಾಂಬ್ಯಾಟ್’ ಮೊದಲಾದ ಆಟಗಳ ಕ್ರೌರ್ಯವನ್ನು ಕುರಿತು 1993ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಸರಕಾರವೇ ಕೈಹಾಕೀತೆಂದು ಉದ್ಯಮದವರು 1994ರಲ್ಲಿ ತಮ್ಮದೇ ಮಂಡಲಿಯನ್ನು ಸ್ಥಾಪಿಸಿ, ಆಟದ ಡಬ್ಬಿಯ ಮೇಲೆ ವಯೋಸೂಚಕ ಚಿಹ್ನೆಯನ್ನು ಅಚ್ಚುಹಾಕಿಸಿದರು. ಅಂಗಡಿಯಲ್ಲಿ ನಿಂತು ಹಣ ಕೊಡುವ ತಂದೆತಾಯಿಗಳೇ ಅದರ ಓದುಗರು. 2015ರಲ್ಲಿ ಗೂಗಲ್ ಪ್ಲೇ ಇಂತಹ ಅಂಕಗಳನ್ನು ಅಳವಡಿಸಿಕೊಂಡಿತು. ಆಟವನ್ನು ತಯಾರಿಸಿದವರು ಒಂದು ಪ್ರಶ್ನಾವಳಿಗೆ ಉತ್ತರ ಬರೆದರೆ, ಆ ಉತ್ತರಗಳಿಂದಲೇ ಅಂಕವು ಸಿದ್ಧವಾಗುತ್ತದೆ. ಎಂದರೆ, ಲಿಖಿತದ ಮೂಲ ಸಾಕ್ಷಿಯು ಮಾರುವವನದೇ.

ನಮ್ಮ ಚಲನಚಿತ್ರಗಳ ವಿಷಯ ಬೇರೆ. 1952ರ ಕಾಯಿದೆಯಂತೆ ಪ್ರಮಾಣಪತ್ರವನ್ನು ಕೊಡುವುದು ಶಾಸನಬದ್ಧ ಮಂಡಲಿ. ವಯಸ್ಕರ ಚಿತ್ರವನ್ನು ಬಾಲಕರಿಗೆ ತೋರಿಸಿದ ಪ್ರದರ್ಶಕನು ದಂಡನೆಗೆ ಗುರಿ. 1970ರ ಅಬ್ಬಾಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವರ್ಗೀಕರಣವನ್ನು ಎತ್ತಿಹಿಡಿಯಿತು. 2023ರ ತಿದ್ದುಪಡಿಯಿಂದ 7, 13, 16 ಎಂಬ ಮೆಟ್ಟಿಲುಗಳೂ ಬಂದವು. ಆದರೆ ಬಿಡುಗಡೆಗೆ ಮುನ್ನ ಪರೀಕ್ಷಿಸುವ ಇಂತಹ ಮಂಡಲಿಯು ಆಟಗಳಿಗಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿಯನ್ನು ನಿಷೇಧಿಸಿದುದು ದೇಶದ ಭದ್ರತೆಯ ಕಾರಣದಿಂದ. ಕರ್ನಾಟಕವು 2021ರಲ್ಲಿ ಮಾಡಿದ, ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿದ ಕಾನೂನು ಪಣವನ್ನು ಕುರಿತದ್ದು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನಿನ ನಿಷೇಧವೂ ಹಣದ ಆಟಗಳಿಗೇ ಸಂಬಂಧಿಸಿದ್ದು. ಮೂರು ಸಂದರ್ಭಗಳಲ್ಲಿಯೂ ಮಗುವಿನ ವಯಸ್ಸು ಮುಖ್ಯ ಪ್ರಶ್ನೆಯಾಗಲಿಲ್ಲ.

ಇನ್ನು ಮಂಗಸೂಳಿಗೆ ಬರೋಣ. ಖಂಡೋಬನ ಈ ಕ್ಷೇತ್ರದಲ್ಲಿ ಕನ್ನಡ, ಮರಾಠಿ ಎರಡೂ ಕೇಳಿಬರುತ್ತವೆ. ಮನೆಮಂದಿಯೆಲ್ಲ ಒಂದೇ ಫೋನನ್ನು ಬಳಸುವಲ್ಲಿ ಖಾತೆ ತಂದೆಯದು, ಆಟ ಮಗನದು. ಖಾತೆಯ ವಯಸ್ಸು ನಲವತ್ತಾದ ಮೇಲೆ 16+ ಎಂಬುದು ಹತ್ತರ ಬಾಲಕನನ್ನು ತಡೆಯಲಾರದು. ಪೋಷಕರ ನಿಯಂತ್ರಣವೆಂಬ ಸೌಕರ್ಯವಿದೆಯಾದರೂ, ತಿಳಿದವರು ಅದನ್ನು ಚಾಲೂ ಮಾಡಿದಲ್ಲದೆ ಫಲವಿಲ್ಲ. ಚಿತ್ರಮಂದಿರದ ಬಾಗಿಲಿಗೆ ಕಾವಲುಗಾರನಿದ್ದನು. ಇಲ್ಲಿ ಬಾಗಿಲೂ ಇಲ್ಲ, ಕಾವಲುಗಾರನೂ ಇಲ್ಲ.

ಏನೂ ಇಲ್ಲದಿರುವುದಕ್ಕಿಂತ ಈ ಅಂಕವಾದರೂ ಲೇಸಲ್ಲವೆ ಎಂದು ಕೆಲವರು ಕೇಳಬಹುದು. ಸೂಚನೆಯೆಂದು ತಿಳಿದರೆ ಲೇಸೇ ಸರಿ. ಸರಕಾರದ ಮುದ್ರೆಯೆಂದು ನಂಬಿ ತಂದೆತಾಯಿಗಳು ನಿಶ್ಚಿಂತರಾದರೆ ಅದರಿಂದ ಕೇಡೇ ಹೆಚ್ಚು. ಅಲ್ಲದೆ, ಈ ಅಂಕವು ಆಟದಲ್ಲಿ ತೋರುವುದನ್ನು ಅಳೆಯುತ್ತದೆಯೇ ಹೊರತು ಹುಡುಗನು ಅದರಲ್ಲಿ ಕಳೆಯುವ ಹೊತ್ತನ್ನಲ್ಲ.

ಆದುದರಿಂದ ಅಂಕಕ್ಕೆ ಕಾರಣವೇನೆಂಬುದು ಮನೆಯವರ ನುಡಿಯಲ್ಲಿ ಸ್ಪಷ್ಟವಾಗಿ ತಿಳಿಯಬೇಕು. ಅದಕ್ಕೆ ಹೊಣೆಯಾಗುವವರೂ ಇರಬೇಕು. ಅಲ್ಲಿಯವರೆಗೆ ಪಾಲಕರ ಸಭೆಗಳಲ್ಲಿ ಆ ಅಂಕವನ್ನು ಓದಿ ಅರ್ಥ ಹೇಳುವ ಕೆಲಸವು ಶಿಕ್ಷಕರಾದ ನಮ್ಮ ಪಾಲಿನದು.